ಸ್ಮಿತಾ ಪಾಟೀಲ್: ದುಡಿಯುವ ಹೆಣ್ಣಿನ ಅಭಿನೇತ್ರಿ

ಸ್ಮಿತಾ ಪಾಟೀಲರು 1986ರ ಡಿಸೆಂಬರ್ 13ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದು ವರ್ಷ. ಮಗ ಹುಟ್ಟಿ ಎರಡು ವಾರವಷ್ಟೇ ಆಗಿತ್ತು. ಇಂಥ ಅಕಾಲಮರಣದ ಎದುರು ವಿಮರ್ಶೆ ಸಹಜವಾಗಿಯೇ ಮೃದುವಾಗುತ್ತದೆ. ಮೃದುವಾಗದವರು ಅವರ ವೃತ್ತಿಜೀವನವನ್ನು ಹೊಸ ಅಲೆಯ ಏರು, ವ್ಯಾಪಾರಿ ಚಿತ್ರಗಳ ಇಳಿವು ಎಂದು ಎರಡು ಪಾಲು ಮಾಡಿಬಿಡುತ್ತಾರೆ. ಈ ವಿಭಜನೆಯೂ ನನಗೆ ಸಮಾಧಾನ ತಂದಿಲ್ಲ.

ಅವರು ಹುಟ್ಟಿದ್ದು 1955ರ ಅಕ್ಟೋಬರ್ 17ರಂದು, ಪುಣೆಯಲ್ಲಿ. ತಂದೆ ಶಿವಾಜಿರಾವ್ ಪಾಟೀಲರು ರಾಜಕಾರಣಿ, ತಾಯಿ ವಿದ್ಯಾತಾಯಿ ಸಮಾಜಸೇವಕಿ. ಮುಂಬಯಿ ದೂರದರ್ಶನದಲ್ಲಿ ವಾರ್ತೆ ಓದುತ್ತಿದ್ದ ಈ ಕೃಷ್ಣವರ್ಣದ ತರುಣಿಯನ್ನು ಶ್ಯಾಮ್ ಬೆನೆಗಲ್ ಅವರು 1975ರಲ್ಲಿ ‘ಚರಣದಾಸ್ ಚೋರ್’, ‘ನಿಶಾಂತ್’ ಚಿತ್ರಗಳಿಗೆ ಕರೆತಂದರು. ಮರುವರ್ಷ ಬಂದ ‘ಮಂಥನ್’ಗೆ ಬಂಡವಾಳ ಹೂಡಿದವರು ಗುಜರಾತಿನ ಐದು ಲಕ್ಷ ಹೈನುಗಾರರು, ತಲೆಗೆ ಎರಡು ರೂಪಾಯಿಯಂತೆ. ಅದರಲ್ಲಿ ಗಿರೀಶ ಕಾರ್ನಾಡರು ಪಟ್ಟಣದಿಂದ ಬಂದ ಪಶುವೈದ್ಯ. ಸ್ಮಿತಾ ಆ ಹಳ್ಳಿಯ ಬಿಂದು. ಆಕೆ ಕೂರುವ, ನಡೆಯುವ, ಹೊರಗಿನವನನ್ನು ಅಳೆದು ನೋಡುವ ರೀತಿಯಲ್ಲಿ ನಟನೆಗಿಂತ ಮೊದಲು ಕೆಲಸದ ಮೈ ಕಾಣುತ್ತದೆ. ಅವರ ಪ್ರತಿಭೆಯ ಬೇರು ಇಲ್ಲಿದೆಯೆಂದು ತೋರುತ್ತದೆ: ದುಡಿಯುವ ಹೆಣ್ಣನ್ನು ಅವರು ಕನಿಕರದ ವಸ್ತುವಾಗಿಸದೆ ತೋರಬಲ್ಲವರಾಗಿದ್ದರು.

ಮರಾಠಿ ನಟಿ ಹಂಸಾ ವಾಡಕರರ ಆತ್ಮಕಥನವನ್ನು ಆಧರಿಸಿದ ‘ಭೂಮಿಕಾ’ (1977) ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಗಂಡ, ಸಹನಟ, ಜಮೀನ್ದಾರ ಎಂದು ಒಬ್ಬರಿಂದ ಒಬ್ಬರಿಗೆ ಆಸರೆ ಅರಸುವ ಈ ಕಲಾವಿದೆಯ ಪಾತ್ರವನ್ನು ನಿರ್ವಹಿಸಿದಾಗ ಸ್ಮಿತಾ ಅವರಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ. ಸಹನಟನ ಪಾತ್ರದಲ್ಲಿ ನಮ್ಮ ಅನಂತ ನಾಗ್ ಇದ್ದಾರೆ. ಎರಡನೆಯ ರಾಷ್ಟ್ರಪ್ರಶಸ್ತಿ ತಂದ ‘ಚಕ್ರ’ದಲ್ಲಿ ಅವರು ಮುಂಬಯಿಯ ಜೋಪಡಪಟ್ಟಿಯ ತಾಯಿ. ಆ ಚಿತ್ರದ ಸ್ನಾನದ ದೃಶ್ಯವನ್ನೇ ಪ್ರಚಾರಕ್ಕೆ ಬಳಸಿಕೊಂಡದ್ದು ಅವರನ್ನು ನೋಯಿಸಿತು. ಹೊಸ ಅಲೆಯ ಸಿನಿಮಾ ಕೂಡ ಪೇಟೆಯಿಂದ ದೂರವಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1982ರ ‘ನಮಕ್ ಹಲಾಲ್’, ‘ಶಕ್ತಿ’ಗಳಿಂದ ಇಳಿವು ಮೊದಲಾಯಿತು ಎನ್ನುವವರು, ಅದೇ ವರ್ಷ ಜಬ್ಬಾರ್ ಪಟೇಲರ ‘ಉಂಬರಠಾ’ ಬಂದುದನ್ನು ಮರೆಯುತ್ತಾರೆ. ಮನೆಯ ಹೊಸ್ತಿಲು ದಾಟಿ ಮಹಿಳಾಶ್ರಮದ ಅಧೀಕ್ಷಕಿಯಾಗುವ ಸುಲಭಾ ಮಹಾಜನ್ ಆ ಮರಾಠಿ ಚಿತ್ರದ ನಾಯಕಿ. ಇಲ್ಲಿಯೂ ಪತಿಯ ಪಾತ್ರ ಕಾರ್ನಾಡರದು. ಮುಂದಿನ ವರ್ಷ ನಾಗಾಭರಣರ ‘ಅನ್ವೇಷಣೆ’ಯ ಮೂಲಕ ಕನ್ನಡಕ್ಕೂ ಬಂದರು. ಹೆಸರಾಂತ ಮುಖವಾದರೆ ಪರ್ಯಾಯ ಚಿತ್ರಗಳಿಗೂ ಪ್ರೇಕ್ಷಕರು ಬಂದಾರು ಎಂಬ ನಂಬಿಕೆ ಅವರ ವ್ಯಾಪಾರಿ ಚಿತ್ರಗಳ ಹಿಂದಿತ್ತು. ಈ ನಂಬಿಕೆಯನ್ನು ಲೋಭವೆಂದು ಕರೆಯುವುದು ಅನ್ಯಾಯ.

ಆದರೂ ಸೋಲು ಸೋಲೇ. ನಾಯಕನೊಡನೆ ಮಳೆಯಲ್ಲಿ ಕುಣಿಯುವುದಕ್ಕಷ್ಟೇ ಕೆಟ್ಟದಾದ ಮಾತು ಇದಲ್ಲ. ಅಲ್ಲಿ ಅವರಿಗೆ ಮಾಡಲು ಕೆಲಸವೇ ಇರಲಿಲ್ಲ. 1984ರ ತರುವಾಯ ಬೆನ್ನುಬೆನ್ನಿಗೆ ಒಪ್ಪಿಕೊಂಡ ಹಲವು ಚಿತ್ರಗಳಲ್ಲಿ ಅವರು ಬರಿದೆ ಕಾಯುವ, ಕ್ಷಮಿಸುವ, ಅಳುವ ಹೆಂಗಸು. ಮುಖ ಅದೇ, ಕಣ್ಣು ಅವೇ, ಕೈಗಳು ಮಾತ್ರ ನಿರುದ್ಯೋಗಿ. ಅದರ ನಡುವೆಯೇ ಅರವಿಂದನ್ನರ ಮಲಯಾಳಂ ಚಿತ್ರ ‘ಚಿದಂಬರಂ’ (1985) ಬಂದಿತು. ಮಾತು ಕಡಿಮೆಯಿರುವ ಆ ಶಿವಕಾಮಿಯನ್ನು ನೋಡಿದವರಿಗೆ ಏರಿಳಿತದ ನೇರ ಗೆರೆ ಎಳೆಯುವುದು ಕಷ್ಟ. ಅದೇ ವರ್ಷ ಪದ್ಮಶ್ರೀ ಗೌರವವೂ ಸಂದಿತು.

ಕೇತನ್ ಮೆಹತಾರ ‘ಮಿರ್ಚ್ ಮಸಾಲಾ’ ತೆರೆಕಂಡದ್ದು 1987ರಲ್ಲಿ, ಅವರು ಇಲ್ಲವಾದ ಮೇಲೆ. ಸುಬೇದಾರನ ಕಾಮಕ್ಕೆ ತಲೆಬಾಗದ ಸೋನ್‌ಬಾಯಿ ಮೆಣಸಿನಕಾಯಿ ಕುಟ್ಟುವ ಕಾರ್ಖಾನೆಯೊಳಗೆ ಆಶ್ರಯ ಪಡೆಯುತ್ತಾಳೆ. ಕೊನೆಗೆ ಬಾಗಿಲು ಮುರಿದು ಬಂದವನ ಕಣ್ಣಿಗೆ ಅಲ್ಲಿ ದುಡಿಯುವ ಹೆಂಗಸರೆಲ್ಲ ತಾವೇ ಕುಟ್ಟಿದ ಖಾರದ ಪುಡಿ ಎರಚುತ್ತಾರೆ. ಸೋನ್‌ಬಾಯಿ ಕುಡುಗೋಲು ಹಿಡಿದು ನಿಂತಿರುತ್ತಾಳೆ.