ಕುಪ್ಪಳಿಯ ಕಾಡು, ಚೆಂಬೂರಿನ ಬಾಲ್ಕನಿ

ಮಾಹುಲ್ ಕಡೆಯ ಚಿಮಣಿಗಳನ್ನು ತೋರಿಸಿ, ಮೋಡ ಹುಟ್ಟುವುದು ಅಲ್ಲಿಂದಲೇ ಏನು ಎಂದು ನಾಲ್ಕು ವರ್ಷದ ಮಗಳು ಕೇಳಿದಳು. ಚೆಂಬೂರಿನ ನಮ್ಮ ಏಳನೇ ಮಹಡಿಯ ಬಾಲ್ಕನಿಯಿಂದ ಅವಳಿಗೆ ಕಾಣುವ ಲೋಕ ಅಷ್ಟೇ. ಕೆಲಸಕ್ಕಾಗಿ ಮಲೆನಾಡು ಬಿಟ್ಟು ಬಂದ ನನಗೆ, ಮಗುವಿನಿಂದ ಏನನ್ನೋ ಕಿತ್ತುಕೊಂಡೆನೇನೋ ಎಂದು ಕಸಿವಿಸಿಯಾಯಿತು. ಆ ರಾತ್ರಿ ಕುವೆಂಪು ನೆನಪಾದರು.

1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದ ಪುಟ್ಟಪ್ಪ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ವೆಂಕಟಪ್ಪ ಗೌಡರು, ತಾಯಿ ಸೀತಮ್ಮ. ದೊಡ್ಡ ತೊಟ್ಟಿ ಮನೆ, ಅಡಿಕೆ ತೋಟ, ಬೆನ್ನಿಗೆ ಗುಡ್ಡ, ಸುತ್ತ ದಟ್ಟ ಕಾಡು, ತಿಂಗಳುಗಟ್ಟಲೆ ಬಿಡದ ಮಳೆ. ಮೊದಲ ಅಕ್ಷರ ಕಲಿತದ್ದು ಮನೆಗೇ ಬಂದು ಕಲಿಸುತ್ತಿದ್ದ ದಕ್ಷಿಣ ಕನ್ನಡದ ಐಗಳಿಂದ. ಮುಂದೆ ತೀರ್ಥಹಳ್ಳಿಯ ಶಾಲೆ, ತುಂಗೆಯ ದಡ. ಹನ್ನೆರಡರ ವಯಸ್ಸಿಗೆ ತಂದೆ ಇಲ್ಲವಾದರು.

ಹೈಸ್ಕೂಲಿಗೆಂದು ಮೈಸೂರಿಗೆ ಹೋದ ಮೇಲೆ ಕುಪ್ಪಳಿ ರಜೆಯ ಊರಾಯಿತು, ನಮ್ಮ ನಿಮ್ಮ ಊರಿನ ಹಾಗೆ. ಆ ಹುಡುಗ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ತಾಯ್ನುಡಿಯಲ್ಲಿ ಬರೆಯಲು ಹೇಳಿದ ಮೇಲೆ ಕನ್ನಡಕ್ಕೆ ಹೊರಳಿದರು. ಹೊರಳಿದಾಗ ಕೈಗೆ ಸಿಕ್ಕಿದ್ದು ಬಾಲ್ಯದ ಕಾಡೇ. 1936ರ ‘ಕಾನೂರು ಹೆಗ್ಗಡಿತಿ’, 1967ರ ‘ಮಲೆಗಳಲ್ಲಿ ಮದುಮಗಳು’ ಎರಡರಲ್ಲೂ ಇರುವುದು ಆ ಮಲೆಗಳು, ಆ ಜನ. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಅರಣ್ಯಕ್ಕೂ ಮಲೆನಾಡಿನ ಮಳೆ ಸುರಿಯುತ್ತದೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕೃತಿ ಅದು. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ‘ಮಾನಸ ಗಂಗೋತ್ರಿ’ ಕಟ್ಟಿದವರು 1994ರಲ್ಲಿ ತೀರಿಕೊಂಡಾಗ ಮರಳಿದ್ದು ಕುಪ್ಪಳಿಯ ಕವಿಶೈಲಕ್ಕೇ.

ಹಾಗಾದರೆ ಕಾಡೇ ಕವಿಯನ್ನು ಮಾಡಿತೇ? ಅದೇ ಕಾಡಿನಲ್ಲಿ ಎಷ್ಟೋ ಮಕ್ಕಳು ಬೆಳೆದರು, ಎಲ್ಲರೂ ಕುವೆಂಪು ಆಗಲಿಲ್ಲ. ಆ ಮನೆಯಲ್ಲಿ ಭಾರತ, ರಾಮಾಯಣ ಓದುವ ದನಿಯಿತ್ತು. ಬೇಟೆಯ, ಭೂತದ ಕತೆ ಹೇಳುವ ಆಳುಗಳಿದ್ದರು. ಕಂಡದ್ದಕ್ಕೆ ಹೆಸರು ಕೊಡುವ ಜನ ಪಕ್ಕದಲ್ಲಿದ್ದುದರಿಂದಲೇ ಆ ಕಾಡು ಹುಡುಗನ ಒಳಗೆ ಇಳಿಯಿತು. ಜೊತೆಗೆ, ಪ್ರತಿ ಮಗುವೂ ವಿಶ್ವಮಾನವನಾಗಿಯೇ ಹುಟ್ಟುತ್ತದೆ, ಬೇಲಿ ಹಾಕುವವರು ದೊಡ್ಡವರು ಎಂದು ನಂಬಿದವರೂ ಅವರೇ.

ಕುಪ್ಪಳಿಯನ್ನು ಚೆಂಬೂರಿಗೆ ತರಲು ನನ್ನಿಂದಾಗದು. ಆದರೆ ಇಲ್ಲೂ ಚಳಿಗಾಲ ಬಂದರೆ ಮಾಹುಲ್–ಶಿವಡಿ ಕೊಲ್ಲಿಯ ಕೆಸರಿಗೆ ಸಾವಿರಾರು ರಾಜಹಂಸಗಳು ಇಳಿಯುತ್ತವೆ. ಅದೇ ಚಿಮಣಿಗಳ ಬುಡದಲ್ಲಿ! ಇಷ್ಟು ವರ್ಷದಲ್ಲಿ ನಾನೇ ಒಮ್ಮೆಯೂ ಹೋಗಿರಲಿಲ್ಲ. ಕೊರತೆ ಇದ್ದದ್ದು ಊರಿನಲ್ಲಲ್ಲ, ನನ್ನ ಭಾನುವಾರಗಳಲ್ಲಿ.

ಈ ಸಲ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಮೋಡ ಎಲ್ಲಿ ಹುಟ್ಟುತ್ತದೆ ಎಂಬುದನ್ನೂ ಅಲ್ಲೇ ಕಡಲು ತೋರಿಸಿ ಹೇಳುತ್ತೇನೆ, ಕನ್ನಡದಲ್ಲಿ.