ಸಂಗೀತರತ್ನ ಅಬ್ದುಲ್ ಕರೀಂಖಾನರು

ಪರಪ್ರಾಂತದ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವ ಸಮೀಪಿಸಿದಂತೆ ಒಂದು ಚರ್ಚೆ ತಪ್ಪದೆ ಏಳುತ್ತದೆ. ಸಂಗೀತದ ಕಾರ್ಯಕ್ರಮ ಯಾವುದಿರಬೇಕು? ಮೈಸೂರು ಕಡೆಯ ಹಿರಿಯರಿಗೆ ಕರ್ನಾಟಕ ಸಂಗೀತದ ಕಚೇರಿ ಬೇಕು. ಧಾರವಾಡ, ಬೆಳಗಾವಿ ಕಡೆಯವರಿಗೆ ಹಿಂದೂಸ್ತಾನಿ ಬೈಠಕ್ಕೇ ಆಗಬೇಕು. ನಡುವಯಸ್ಸಿನವರಿಗೆ ಭಾವಗೀತೆ, ಹಳೆಯ ಚಿತ್ರಗೀತೆ. ತರುಣರಿಗೆ ತಮ್ಮ ಕಾಲದ್ದು. ಎಲ್ಲರಿಗೂ ಅರ್ಧರ್ಧ ಗಂಟೆ ಹಂಚಿಕೊಟ್ಟರೂ ಯಾರಿಗೂ ತೃಪ್ತಿಯಿಲ್ಲ. ನಮ್ಮದೆನ್ನುವ ಸಂಗೀತ ಯಾವುದು, ಒಂದು ತಲೆಮಾರಿನ ಗುರುತಾಗಿ ನಿಲ್ಲುವ ಸಂಗೀತ ಯಾವುದು ಎಂಬ ಈ ವಾದ ಇಂದಿನದಲ್ಲ. ನೂರು ವರ್ಷಗಳ ಹಿಂದೆ ಇಂಥದೇ ವಾದಗಳ ನಡುವೆ ಬಾಳಿ, ವಾದಕ್ಕಿಂತ ಹೆಚ್ಚಾಗಿ ಕಿವಿಯನ್ನೇ ನಂಬಿದ ಒಬ್ಬ ಮಹಾಗಾಯಕರ ಜೀವನವನ್ನು ವಾಚಕರ ಮುಂದಿಡಬಯಸುತ್ತೇವೆ. ನಾವು ಸಂಗೀತಶಾಸ್ತ್ರ ಓದಿದವರಲ್ಲ. ಬ್ಯಾಂಕಿನ ಲೆಕ್ಕಪತ್ರಗಳಿಂದ ಬಿಡುವಾದಾಗ ಕೇಳುವ ಕಿವಿಯೊಂದೇ ನಮ್ಮ ಬಂಡವಾಳ.

ಖಾನ್ ಸಾಹೇಬ್ ಅಬ್ದುಲ್ ಕರೀಂಖಾನರು ೧೮೭೨ನೆಯ ಇಸವಿ ನವೆಂಬರ್ ೧೧ರಂದು ಉತ್ತರ ಹಿಂದೂಸ್ತಾನದ ಕಿರಾಣಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಈ ಊರು ಈಗಿನ ಉತ್ತರ ಪ್ರದೇಶದಲ್ಲಿದೆ. ತಂದೆ ಕಾಲೇಖಾನರದು ಸಂಗೀತಗಾರರ ಮನೆತನ. ತಂದೆಯಿಂದಲೂ ಹತ್ತಿರದ ಬಂಧುಗಳಿಂದಲೂ ಪಾಠವಾಯಿತು. ಹುಡುಗನ ಕೈ ಮೊದಲು ಹರಿದದ್ದು ಸಾರಂಗಿಯ ಮೇಲೆ. ಬೀನ್, ಸಿತಾರ್, ತಬಲಾಗಳೂ ಪರಿಚಯವಾದವು. ಮುಂದೆ ಅವರು ಕಂಠವನ್ನೇ ಆರಿಸಿಕೊಂಡರು. ಆದರೆ ಬೀನಿನ ತಂತಿಯ ನಾದ ಹೇಗೆ ನಿಧಾನವಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆಯೋ, ಹಾಗೆಯೇ ಅವರ ಆಲಾಪ ಒಂದೊಂದೇ ಸ್ವರವನ್ನು ಮುಟ್ಟಿ, ಅಲ್ಲಿ ನಿಂತು, ಅಲ್ಲಿಂದ ಮುಂದಿನದಕ್ಕೆ ಬೆಳೆಯುತ್ತಿತ್ತು. ಕಿರಾಣಾ ಘರಾಣೆಯೆಂದು ಪ್ರಸಿದ್ಧವಾದ ಗಾಯನಪದ್ಧತಿಯ ಜೀವಾಳ ಇದೇ.

ತಾರುಣ್ಯದಲ್ಲಿ ಅವರು ತಮ್ಮ ಸೋದರ ಅಬ್ದುಲ್ ಹಕ್ಕರೊಡನೆ ಬರೋಡೆಯ ಆಸ್ಥಾನಕ್ಕೆ ಬಂದರು. ಅಲ್ಲಿ ಸರದಾರ್ ಮಾನೆಯವರ ಮಗಳು ತಾರಾಬಾಯಿಯವರೊಡನೆ ಸ್ನೇಹ ಬೆಳೆಯಿತು. ಈ ವಿವಾಹಕ್ಕೆ ಆಸ್ಥಾನದಲ್ಲಿ ಒಪ್ಪಿಗೆ ದೊರೆಯಲಿಲ್ಲ. ದಂಪತಿಗಳು ಬರೋಡೆಯನ್ನೇ ಬಿಡಬೇಕಾಯಿತು. ರಾಜಾಶ್ರಯ ಹೋಯಿತು, ಊರು ಹೋಯಿತು, ಮಾತಿನ ನೆರೆಹೊರೆಯೂ ಹೋಯಿತು. ಮುಂಬಯಿ ಸೇರಿ, ಬಳಿಕ ಮಿರಜೆಯಲ್ಲಿ ನೆಲೆ ನಿಂತರು. ಕಿರಾಣೆಯ ಮನುಷ್ಯ ಮರಾಠಿ ನಾಡಿನಲ್ಲಿ, ಕನ್ನಡ ನಾಡಿನ ಹೊಸ್ತಿಲಲ್ಲಿ ಮನೆ ಮಾಡಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮ್ಮಂಥವರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿರಜೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ದಕ್ಷಿಣಕ್ಕೆ ಸಾಗುವ ರೈಲುದಾರಿಯೇ ಖಾನ್ ಸಾಹೇಬರ ಜೀವನದ ದಾರಿಯೂ ಆಯಿತು. ಮೈಸೂರಿನ ಆಸ್ಥಾನದಿಂದ ಅವರಿಗೆ ಮತ್ತೆ ಮತ್ತೆ ಕರೆ ಬರುತ್ತಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ; ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರಂಥ ವಿದ್ವಾಂಸರಿಂದ ಶೋಭಿಸಿದ ಸಭೆ ಅದು. ಸಂಗೀತರತ್ನ ಎಂಬ ಬಿರುದು ಖಾನ್ ಸಾಹೇಬರಿಗೆ ಅಲ್ಲಿಯೇ ದೊರೆಯಿತು. ಬಿರುದು ಪಡೆದು ಹಿಂದಿರುಗಿದ್ದರೆ ಅದೊಂದು ಸಾಮಾನ್ಯ ಸಂಗತಿಯಾಗುತ್ತಿತ್ತು. ಅವರು ಕುಳಿತು ಕೇಳಿದರು, ಕೇಳಿದ್ದನ್ನು ಕಲಿತರು. ಉತ್ತರದ ಪ್ರಮುಖ ಗಾಯಕರಲ್ಲಿ ಕರ್ನಾಟಕ ಪದ್ಧತಿಯನ್ನು ಇಷ್ಟು ಶ್ರದ್ಧೆಯಿಂದ ಅಭ್ಯಾಸಮಾಡಿದವರಲ್ಲಿ ಅವರೇ ಮೊದಲಿಗರೆಂದು ಸಂಗೀತಜ್ಞರು ಎಣಿಸುತ್ತಾರೆ. ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನು ಅವರು ಗ್ರಾಮಫೋನ್ ತಟ್ಟೆಗೂ ಹಾಡಿದರು. ದಕ್ಷಿಣದವರ ಉಚ್ಚಾರಕ್ಕೆ ಒಗ್ಗಿದ ಕಿವಿಗೆ ಅದು ತುಸು ವಿಚಿತ್ರವಾಗಿ ಕೇಳಿಸಬಹುದು. ಅದರೊಳಗಿನ ಗೌರವ ಮಾತ್ರ ಯಾರಿಗೂ ಮರೆಯಾಗದು.

ಈ ಸಹವಾಸದ ಫಲ ಅವರ ಖ್ಯಾಲಿನಲ್ಲಿಯೂ ಕಾಣಿಸಿಕೊಂಡಿತು. ಕರ್ನಾಟಕ ಸಂಗೀತದ ಕಲ್ಪನಾಸ್ವರದಂತೆ ಅವರು ಖ್ಯಾಲಿನ ನಡುವೆ ಸರಗಮ್ ಹಾಡತೊಡಗಿದರು. ಪರಂಪರೆಯವರಲ್ಲಿ ಆಕ್ಷೇಪಿಸಿದವರುಂಟು. ಖ್ಯಾಲಿಗೆ ಅದು ಹೊರಗಿನ ವಸ್ತು ಎಂಬುದು ಅವರ ವಾದ. ಇಂದು ಸರಗಮ್ ಇಲ್ಲದ ಹಿಂದೂಸ್ತಾನಿ ಬೈಠಕ್ಕುಗಳೇ ಕಡಮೆ. ಒಂದು ತಲೆಮಾರಿಗೆ ಬೆರಕೆಯೆನಿಸಿದ್ದು ಮುಂದಿನ ತಲೆಮಾರಿಗೆ ಸಂಪ್ರದಾಯವಾಗುವುದು ಹೀಗೆ.

ಅಂದಿನ ಮುಂಬಯಿ ಪುಣೆಗಳಲ್ಲಿ ಜನರ ನಾಲಗೆಯ ಮೇಲಿದ್ದುದು ಖ್ಯಾಲಲ್ಲ, ಮರಾಠಿ ನಾಟ್ಯಗೀತೆ. ಬಾಲಗಂಧರ್ವರ ಹಾಡುಗಳು ಮನೆಮನೆಯಲ್ಲಿ ಕೇಳುತ್ತಿದ್ದ ಕಾಲ. ಅಭಿಜಾತ ಸಂಗೀತದ ಮಡಿವಂತರಲ್ಲಿ ಇದನ್ನು ಹಗುರವೆಂದು ಬದಿಗಿಟ್ಟವರಿದ್ದರು. ಖಾನ್ ಸಾಹೇಬರು ಹಾಗೆ ಮಾಡಲಿಲ್ಲ. ಮಾನಾಪಮಾನ ನಾಟಕದ ಪದವನ್ನು ತಾವೇ ಹಾಡಿ ರೆಕಾರ್ಡು ಕೊಟ್ಟರು. ೧೯೦೪-೦೫ರ ಸುಮಾರಿಗೇ ಅವರು ಗ್ರಾಮಫೋನಿಗೆ ಹಾಡಿದ್ದರು. ೧೯೩೪ರ ನಂತರದ ಓಡಿಯನ್ ಕಂಪನಿಯ ತಟ್ಟೆಗಳಂತೂ ಅವರ ಹೆಸರನ್ನು ಹಳ್ಳಿಹಳ್ಳಿಗೆ ಒಯ್ದವು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷದ ತಟ್ಟೆಯಲ್ಲಿ ಕೂಡಿಸುವುದು ಅಪಚಾರವೆಂದು ಹಿಂಜರಿದ ಉಸ್ತಾದರು ಅನೇಕರು. ಈ ಮೂರು ನಿಮಿಷವೇ ಊರೂರಿನ ಅಪರಿಚಿತ ಕಿವಿಗೆ ಬಾಗಿಲಾದೀತೆಂಬುದನ್ನು ಖಾನ್ ಸಾಹೇಬರ ತಟ್ಟೆಗಳು ತೋರಿಸಿಕೊಟ್ಟವು.

ಕಲಿಸುವುದರಲ್ಲಿಯೂ ಅವರದು ತೆರೆದ ಕೈ. ೧೯೧೩ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಹಣ ಕೊಡಲಾರದ ವಿದ್ಯಾರ್ಥಿಗಳು ಮನೆಯ ಮಕ್ಕಳಂತೆ ಅಲ್ಲಿಯೇ ಉಂಡು, ಮನೆಗೆಲಸದಲ್ಲಿ ಕೈಗೂಡಿಸಿ ಕಲಿತರು. ವಿದ್ಯೆಯನ್ನು ಮಗನಿಗೂ ಅಳಿಯನಿಗೂ ಮಾತ್ರ ಮೀಸಲಿಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಶ್ರುತಿಗಳ ಲೆಕ್ಕ ಹಿಡಿದು ಶೋಧನೆ ನಡೆಸಿದ ದೇವಲ್ ಮತ್ತು ಕ್ಲೆಮೆಂಟ್ಸ್ ಅವರಿಗೂ ಖಾನ್ ಸಾಹೇಬರ ಕಂಠ ನೆರವಾಯಿತು.

ಧಾರವಾಡದಲ್ಲಿದ್ದ ಸೋದರನ ಮನೆ ಮೈಸೂರಿನ ಪ್ರಯಾಣಗಳ ನಡುವೆ ಅವರ ತಂಗುದಾಣವಾಗಿತ್ತು. ಕುಂದಗೋಳದ ರಾಮಚಂದ್ರ ಸೌಂಶಿ ಎಂಬ ಕನ್ನಡ ಹುಡುಗ ಅವರ ಶಿಷ್ಯನಾಗಿ ಸುಮಾರು ಎಂಟು ವರ್ಷ ಕಲಿತ. ಈತನೇ ಮುಂದೆ ನಾಟಕರಂಗದಲ್ಲಿ ಹೆಸರಾಗಿ, ಬಳಿಕ ಖ್ಯಾಲ್ ಗಾಯಕರಾಗಿ ಮೆರೆದ ಸವಾಯಿ ಗಂಧರ್ವರು. ಅದೇ ಧಾರವಾಡದಲ್ಲಿ ಇನ್ನೊಂದು ಮನೆಯಿತ್ತು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಅವರ ಹಾಡು ಕೇಳಲೆಂದೇ ಖಾನ್ ಸಾಹೇಬರು ಆ ಮನೆಗೆ ಬರುತ್ತಿದ್ದರು. ಆದರೆ ಮಗಳು ಹಿಂದೂಸ್ತಾನಿ ಕಲಿಯಲಾರಂಭಿಸಿದಾಗ, ಎಳೆಯ ಕಂಠದಲ್ಲಿ ಎರಡೂ ಪದ್ಧತಿಗಳು ಕಲಸಿಹೋಗಬಾರದೆಂದು ಅದೇ ಅಂಬಾಬಾಯಿಯವರು ತಮ್ಮ ಹಾಡನ್ನೇ ನಿಲ್ಲಿಸಿದರು.

ನಮ್ಮ ವಾದವೆಲ್ಲ ಈ ಒಂದು ಮನೆಯ ಸಂಗತಿಯಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ಪ್ರೌಢರಾದ ಉಸ್ತಾದರು ತಮ್ಮದಲ್ಲದ ಸಂಗೀತಕ್ಕೆ ಕಿವಿ ತೆರೆದರು; ತಾಯಿ ಮಗಳಿಗಾಗಿ ತಮ್ಮದೇ ಸಂಗೀತವನ್ನು ಮೌನವಾಗಿಸಿದರು. ಇವೆರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎನ್ನಲಾಗದು. ಕಲಿಯುವ ಕಂಠಕ್ಕೆ ಒಂದು ದಾರಿಯ ಕಟ್ಟು ಬೇಕು. ಕೇಳುವ ಕಿವಿಗೆ ಅಂಥ ಕಟ್ಟಿಲ್ಲ. ನಮ್ಮಲ್ಲಿ ಹಾಡುವವರು ಕೆಲವರೇ, ಕೇಳುವವರು ಎಲ್ಲರೂ. ಹೀಗಿದ್ದೂ ಕಂಠದ ಕಟ್ಟನ್ನು ಕಿವಿಗೆ ಹೇರಿಕೊಂಡು, ಇದು ನಮ್ಮ ಕಾಲದ್ದು, ಅದು ನಿಮ್ಮ ಕಾಲದ್ದು ಎಂದು ಮನೆಯಲ್ಲಿಯೇ ಗಡಿ ಹಾಕಿಕೊಳ್ಳುತ್ತೇವೆ. ತಂದೆ ಒಂದು ಕೋಣೆಯಲ್ಲಿ, ಮಗ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಇನ್ನೊಂದರಲ್ಲಿ. ಪರಊರಿನಲ್ಲಿ ಭಾಷೆ ಮೊದಲು ಕಳೆದುಹೋಗುವುದು ಈ ಎರಡು ಕೋಣೆಗಳ ನಡುವೆಯೇ.

ಖಾನ್ ಸಾಹೇಬರ ಸಂಸಾರಸುಖ ದೀರ್ಘವಾಗಲಿಲ್ಲ. ೧೯೨೨ರಲ್ಲಿ ತಾರಾಬಾಯಿಯವರು ಮಕ್ಕಳೊಡನೆ ಬೇರೆಯಾದರು. ಆ ಮಕ್ಕಳೇ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್, ಸರಸ್ವತಿಬಾಯಿ ರಾಣೆ ಮೊದಲಾದವರು. ಮನೆ ಒಡೆದರೂ ಸಂಗೀತ ಒಡೆಯಲಿಲ್ಲ. ತಂದೆಯ ಗಾಯಕಿ ಅವರ ಕಂಠಗಳಲ್ಲಿ ಉಳಿಯಿತು.

೧೯೩೭ರಲ್ಲಿ ಖಾನ್ ಸಾಹೇಬರು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆಯೇ ಹಾಸಿಗೆ ಬಿಚ್ಚಿಸಿ, ಪ್ರಾರ್ಥನೆ ಮಾಡಿ, ಹಾಡುತ್ತಲೇ ಪ್ರಾಣ ಬಿಟ್ಟರೆಂದು ಚರಿತ್ರಕಾರರು ಹೇಳುತ್ತಾರೆ. ಅಂದು ಅಕ್ಟೋಬರ್ ೨೭. ಕಿರಾಣೆಯಲ್ಲಿ ಹುಟ್ಟಿದವರು ತಮಿಳು ನಾಡಿನಲ್ಲಿ ಕೊನೆಯುಸಿರೆಳೆದು, ಮಿರಜೆಯ ದರ್ಗಾದ ಬಳಿಯಲ್ಲಿ ಮಣ್ಣಾದರು.

ಅವರ ಬಿತ್ತನೆಯ ಬೆಳೆ ಮಾತ್ರ ಕನ್ನಡ ನಾಡಿನಲ್ಲಿ ಬಂತು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗದಗಿನ ಬಾಲಕ ಭೀಮಸೇನ ಜೋಶಿಯವರು ಖಾನ್ ಸಾಹೇಬರ ರೆಕಾರ್ಡು ಕೇಳಿ ಮರುಳಾಗಿ ಗುರುವನ್ನರಸಿ ಮನೆ ಬಿಟ್ಟ ಕಥೆ ಪ್ರಸಿದ್ಧವಾಗಿದೆ. ಅವರೇ ಮುಂದೆ ೧೯೫೩ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವವನ್ನು ಆರಂಭಿಸಿದರು. ಮರಾಠಿ ಅಭಂಗವನ್ನೂ ಪುರಂದರದಾಸರ ಪದವನ್ನೂ ಒಂದೇ ಭಕ್ತಿಯಿಂದ ಹಾಡಿದರು. ಭೀಮಸೇನರನ್ನು ತಮ್ಮ ತಲೆಮಾರಿನ ಗಾಯಕರೆಂದು ಹೇಳಿಕೊಳ್ಳುವ ಅಜ್ಜನೂ ಸರಿ, ಮೊಮ್ಮಗನೂ ಸರಿ.

ಊರಿಗೆ ಹೋಗುವ ನಮ್ಮಲ್ಲಿ ಬಹಳ ಮಂದಿಯ ರೈಲು ಮಿರಜೆಯ ಮೇಲೆಯೇ ಹಾದುಹೋಗುತ್ತದೆ. ಮುಂದಿನ ಸಲ ಅಲ್ಲಿ ಗಾಡಿ ನಿಂತಾಗ ಮಕ್ಕಳಿಗೆ ಖಾನ್ ಸಾಹೇಬರ ಝಿಂಝೋಟಿಯ ಠುಮರಿಯನ್ನು ಕೇಳಿಸಿರಿ. ಮೂರು ನಿಮಿಷದ ಮಾತು. ಅನಂತರ ಮಕ್ಕಳು ತಮಗೆ ಪ್ರಿಯವಾದ ಒಂದು ಹಾಡನ್ನು ಕೇಳಿಸಲಿ. ಹಿರಿಯರು ಅದನ್ನು ನಡುವೆ ನಿಲ್ಲಿಸದೆ ಕಡೆತನಕ ಕೇಳಲಿ. ಖಾನ್ ಸಾಹೇಬರಂಥವರು ಅಂಬಾಬಾಯಿಯವರ ಮನೆಗೆ ತಾವಾಗಿ ನಡೆದುಹೋದರು. ನಾವು ಪಕ್ಕದ ಕೋಣೆಯವರೆಗಾದರೂ ಹೋಗಬಾರದೇ?