ಡೇವಿಡ್ ಮಾರ್

ಡೇವಿಡ್ ಕರ್ಟ್ನಿ ಮಾರ್ (19 ಜನವರಿ 1945 – 17 ನವೆಂಬರ್ 1980) ಬ್ರಿಟನ್ನಿನ ನರವಿಜ್ಞಾನಿ. ಮಿದುಳಿನ ಕಾರ್ಯವನ್ನು ಗಣಿತ ಮತ್ತು ಗಣಕದ ನೆರವಿನಿಂದ ವಿವರಿಸುವ ಗಣನಾತ್ಮಕ ನರವಿಜ್ಞಾನದ ಪ್ರವರ್ತಕರಲ್ಲಿ ಒಬ್ಬರು. ಇವರು ರೂಪಿಸಿದ ಅನುಮಸ್ತಿಷ್ಕದ (ಕಿರುಮೆದುಳಿನ) ಸಿದ್ಧಾಂತವು ಚಲನಾ ದೋಷಗಳ ಅಧ್ಯಯನದಲ್ಲಿ ಬಳಸುವ ಹಲವು ಗಣಕ ಮಾದರಿಗಳಿಗೆ ತಳಹದಿಯಾಯಿತು.

ಜನನ ಮತ್ತು ವಿದ್ಯಾಭ್ಯಾಸ

ಮಾರ್ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ವುಡ್‌ಫರ್ಡ್‌ನಲ್ಲಿ ಜನಿಸಿದರು. ರಗ್ಬಿ ಶಾಲೆಯಲ್ಲಿ ಓದಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿದರು. ಅನಂತರ ಜೈಲ್ಸ್ ಬ್ರಿಂಡ್ಲಿಯವರ ಮಾರ್ಗದರ್ಶನದಲ್ಲಿ ಮಿದುಳಿನ ಬಗ್ಗೆ ಸಂಶೋಧನೆ ಕೈಗೊಂಡರು.

ಅನುಮಸ್ತಿಷ್ಕದ ಸಿದ್ಧಾಂತ

ನಡೆಯುವಾಗ ಸಮತೋಲ ಕಾಯುವುದು, ಕೈಚಲನೆಯನ್ನು ನಿಖರಗೊಳಿಸುವುದು ಅನುಮಸ್ತಿಷ್ಕದ ಕಾರ್ಯಗಳು. ಇಲ್ಲಿನ ಒಂದೊಂದು ಪರ್ಕಿಂಜಿ ನರಕೋಶಕ್ಕೂ ಲಕ್ಷಕ್ಕೂ ಮಿಕ್ಕಿದ ಸಮಾಂತರ ತಂತುಗಳಿಂದ ಸಂಕೇತಗಳು ಬರುತ್ತವೆ. ಆದರೆ ಅದನ್ನು ತಲುಪುವ ಆರೋಹಿ ತಂತು ಸಾಮಾನ್ಯವಾಗಿ ಒಂದೇ. ಈ ವಿಚಿತ್ರ ರಚನೆಗೆ ಕಾರಣವೇನೆಂದು ಮಾರ್ 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಅವರ ಪ್ರಕಾರ ಆರೋಹಿ ತಂತು ಶಿಕ್ಷಕನಿದ್ದಂತೆ. ಅದರ ಸಂಕೇತವೂ ಸಮಾಂತರ ತಂತುವಿನ ಸಂಕೇತವೂ ಒಟ್ಟಿಗೆ ಬಂದಾಗ ಆ ಸಮಾಂತರ ತಂತುವಿನ ನರಸಂಧಿ ಬಲಗೊಳ್ಳುತ್ತದೆ. ಚಲನೆಯ ಕಲಿಕೆ ನಡೆಯುವುದು ಹೀಗೆ.

1971ರಲ್ಲಿ ಅಮೆರಿಕದ ಜೇಮ್ಸ್ ಆಲ್ಬಸ್, ನರಸಂಧಿ ಬಲಗೊಳ್ಳುವುದಿಲ್ಲ, ದುರ್ಬಲಗೊಳ್ಳುತ್ತದೆ ಎಂದು ವಾದಿಸಿದರು. ಜಪಾನಿನ ಮಸಾವೊ ಇಟೊ ಮತ್ತು ಸಂಗಡಿಗರು 1982ರಲ್ಲಿ ವರದಿ ಮಾಡಿದ ಪ್ರಯೋಗಗಳು ಆಲ್ಬಸ್ ವಾದವನ್ನೇ ಬೆಂಬಲಿಸಿದವು. ಬದಲಾವಣೆಯ ದಿಕ್ಕನ್ನು ಕುರಿತ ಮಾರ್ ಊಹೆ ಸರಿಯಾಗಿರಲಿಲ್ಲ. ಆದರೂ ಪ್ರಯೋಗದಿಂದ ಪರೀಕ್ಷಿಸಬಹುದಾದಷ್ಟು ಸ್ಪಷ್ಟವಾಗಿ ಅದನ್ನು ಮಂಡಿಸಿದ್ದುದೇ ಅವರ ಹಿರಿಮೆ. ಇಂದು ಇದು ಮಾರ್–ಆಲ್ಬಸ್–ಇಟೊ ಸಿದ್ಧಾಂತವೆಂದು ಪ್ರಸಿದ್ಧವಾಗಿದೆ.

ಚಲನಾ ದೋಷಗಳ ಅಧ್ಯಯನ

ಅನುಮಸ್ತಿಷ್ಕಕ್ಕೆ ಹಾನಿಯಾದಾಗ ಅಟಾಕ್ಸಿಯ ಎಂಬ ದೋಷ ಉಂಟಾಗುತ್ತದೆ. ರೋಗಿಯ ನಡಿಗೆ ತೂರಾಡುತ್ತದೆ. ವಸ್ತುವನ್ನು ಹಿಡಿಯಲು ಚಾಚಿದ ಕೈ ಗುರಿ ತಪ್ಪುತ್ತದೆ. ಗಣಕ ಮಾದರಿಯಲ್ಲಿ ಪರ್ಕಿಂಜಿ ಕೋಶಗಳನ್ನು ಕಡಿಮೆ ಮಾಡಿ ಅಥವಾ ಕಲಿಕೆಯ ನಿಯಮವನ್ನು ತಡೆದು, ಯಾವ ಬದಲಾವಣೆಯಿಂದ ಎಂತಹ ದೋಷ ತಲೆದೋರುತ್ತದೆ ಎಂಬುದನ್ನು ಸಂಶೋಧಕರು ಪರಿಶೀಲಿಸುತ್ತಾರೆ. ಮನುಷ್ಯರ ಮೇಲೆ ಇಂತಹ ಪ್ರಯೋಗ ಸಾಧ್ಯವಿಲ್ಲ. ಮಾದರಿಯ ಫಲಿತಾಂಶಗಳನ್ನು ರೋಗಿಗಳ ಚಲನೆಯ ಮಾಪನಗಳೊಂದಿಗೆ ಹೋಲಿಸಿ ನೋಡುವುದು ಅವಶ್ಯಕ.

ಕೊನೆಯ ವರ್ಷಗಳು

1973ರಲ್ಲಿ ಮಾರ್ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯವನ್ನು ಸೇರಿ, ದೃಷ್ಟಿಯ ಅಧ್ಯಯನದಲ್ಲಿ ತೊಡಗಿದರು. ರಕ್ತದ ಕ್ಯಾನ್ಸರ್‌ಗೆ ತುತ್ತಾದ ಮೇಲೂ ಬರವಣಿಗೆಯನ್ನು ಬಿಡಲಿಲ್ಲ. 35ನೆಯ ವಯಸ್ಸಿನಲ್ಲಿ ನಿಧನರಾದರು. ಅವರ 'ವಿಷನ್' ಗ್ರಂಥ 1982ರಲ್ಲಿ, ಮರಣಾನಂತರ ಪ್ರಕಟವಾಯಿತು. ಗಣಕ ದೃಷ್ಟಿ ಕ್ಷೇತ್ರದ ಪ್ರತಿಷ್ಠಿತ ಮಾರ್ ಪ್ರಶಸ್ತಿಗೆ ಇವರ ಹೆಸರನ್ನೇ ಇಡಲಾಗಿದೆ.